ಮಾರ್ಗದರ್ಶಕರು ‘ಇದು ಸಂಶೋಧನೆಯ ಭಾಷೆಯಲ್ಲ’ ಎಂದಿದ್ದಾರೆ. ಏನು ಮಾಡಲಿ?

ಕೆರೆಏರಿ

ಕನ್ನಡದಲ್ಲಿಯೇ ಪಿಎಚ್.ಡಿ. ಮಹಾಪ್ರಬಂಧ ಬರೆಯುತ್ತಿದ್ದೇನೆ. ವಿಷಯ ಹಳೆ ಮೈಸೂರು ಭಾಗದ ಕೆರೆಗಳ ನಿರ್ವಹಣೆ. ಮೂರನೆಯ ಅಧ್ಯಾಯದ ಕರಡನ್ನು ಮಾರ್ಗದರ್ಶಕರಿಗೆ ಕೊಟ್ಟಿದ್ದೆ. ಅವರು ಓದದೆ ಸಹಿ ಹಾಕುವವರಲ್ಲ, ಆ ಮಟ್ಟಿಗೆ ನಾನು ಪುಣ್ಯವಂತೆ. ಆದರೆ ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಸಾಲು: ‘ಇದು ಸಂಶೋಧನೆಯ ಭಾಷೆಯಲ್ಲ, ಪತ್ರಿಕೆಯ ಲೇಖನದಂತಿದೆ.’

ನಾನು ಬರೆದಿದ್ದ ಭಾಗ ಇದು:

‘ಊರಿನವರು ಕೆರೆಯ ಹೂಳನ್ನು ತಾವೇ ಎತ್ತುತ್ತಿದ್ದರು. ತೂಬು ತೆರೆದು ನೀರು ಬಿಡುವ ಕೆಲಸ ನೀರುಗಂಟಿಯದು. ಅವನಿಗೆ ಸಂಬಳವಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಅವನಿಗೆ ಧಾನ್ಯ ಅಳೆಯುತ್ತಿದ್ದರು.’

ರಾತ್ರಿ ಕುಳಿತು ಗ್ರಂಥಾಲಯದ ನಾಲ್ಕು ಪ್ರಬಂಧಗಳನ್ನು ಪಕ್ಕದಲ್ಲಿಟ್ಟುಕೊಂಡು ಹೀಗೆ ಬದಲಿಸಿದೆ:

‘ಪ್ರಸ್ತುತ ಅಧ್ಯಯನದ ಪರಿಪ್ರೇಕ್ಷ್ಯದಲ್ಲಿ ಕೆರೆಗಳ ನಿರ್ವಹಣೆಯ ಸಾಂಸ್ಥಿಕ ಆಯಾಮಗಳನ್ನು ಪರಿಭಾವಿಸಿದಾಗ ಸ್ಥಳೀಯ ಸಮುದಾಯಗಳ ಪಾಲ್ಗೊಳ್ಳುವಿಕೆಯು ಮಹತ್ವದ ಪಾತ್ರವನ್ನು ವಹಿಸಿರುವುದು ಕಂಡುಬರುತ್ತದೆ ಹಾಗೂ ಜಲ ವಿತರಣೆಯಲ್ಲಿ ತೊಡಗಿಸಿಕೊಂಡಿರುವಂತಹ ವ್ಯಕ್ತಿಗಳಿಗೆ ಧಾನ್ಯರೂಪದ ಸಂಭಾವನೆಯನ್ನು ನೀಡಲಾಗುತ್ತಿದ್ದುದನ್ನು ಗುರುತಿಸಲಾಗಿದೆ.’

ಎರಡನ್ನೂ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬೆಳೆದದ್ದು ನೀರುಗಂಟಿಯ ಮನೆಯ ಪಕ್ಕದಲ್ಲಿ. ಮೊದಲನೆಯದನ್ನು ಕೇಳಿ ಅವನ ಹೆಂಡತಿಯ ಕಥೆಯನ್ನೂ ಸೇರಿಸಿದರು. ಎರಡನೆಯದನ್ನು ಕೇಳಿ, ‘ಇದು ಯಾವ ಊರಿನ ವಿಷಯವೇ?’ ಎಂದರು. ಈಗ ಯಾವುದನ್ನು ಕೊಡಲಿ?

ಪುಟಜೋಡಣೆ

ಇಪ್ಪತ್ತು ವರ್ಷಗಳಿಂದ ವಿಶ್ವವಿದ್ಯಾಲಯವೊಂದರ ಎದುರಿನ ಅಂಗಡಿಯಲ್ಲಿ ಪ್ರಬಂಧಗಳನ್ನು ಬೆರಳಚ್ಚು ಮಾಡಿ, ಪುಟ ಕಟ್ಟಿಕೊಡುತ್ತಿದ್ದೇನೆ. ಬಹುಶಃ ಯಾವ ಪ್ರಾಧ್ಯಾಪಕರಿಗಿಂತಲೂ ಹೆಚ್ಚು ಪ್ರಬಂಧಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ನಾನೇ ಇರಬೇಕು, ಬೇರೆ ದಾರಿಯಿಲ್ಲದೆ.

ನಿಮ್ಮ ಎರಡನೆಯ ವಾಕ್ಯವನ್ನು ನಾನು ಕಣ್ಣುಮುಚ್ಚಿ ಟೈಪು ಮಾಡಬಲ್ಲೆ, ಬೆರಳುಗಳಿಗೆ ಅದು ಬಾಯಿಪಾಠ. ‘ಕೆರೆ’ಯನ್ನು ತೆಗೆದು ‘ಜಾತ್ರೆ’ ಹಾಕಿ, ‘ಜಲ ವಿತರಣೆ’ಯನ್ನು ತೆಗೆದು ‘ರಥೋತ್ಸವ’ ಹಾಕಿ, ಜಾನಪದ ವಿಭಾಗದ ಪ್ರಬಂಧವಾಗುತ್ತದೆ. ಮೊದಲನೆಯದರಲ್ಲಿ ಹಾಗೆ ಮಾಡಿ ನೋಡಿ, ಆಗುವುದಿಲ್ಲ.

‘ಅಂತಹ’ ಎಂಬುದರ ಬಗ್ಗೆ ನನಗೆ ವಿಶೇಷ ಸಿಟ್ಟಿದೆ. ಮಾಡಿದಂತಹ, ಇರುವಂತಹ, ತೊಡಗಿಸಿಕೊಂಡಿರುವಂತಹ. ಒಮ್ಮೆ ಒಬ್ಬರ ಅನುಮತಿ ಪಡೆದು ಇಡೀ ಕಡತದಲ್ಲಿ ಬೇಡದ ಕಡೆಯೆಲ್ಲ ಅದನ್ನು ತೆಗೆದುಹಾಕಿದೆ. ಅರ್ಥ ಎಲ್ಲಿಯೂ ಕದಲಲಿಲ್ಲ. ಪುಟಗಳು ಕಡಿಮೆಯಾದವೆಂದು ಅವರೇ ಗಾಬರಿಯಾಗಿ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಿಕೊಂಡರು.

ಕಡಲತಡಿ

ಮೊದಲನೆಯದನ್ನೇ ಕೊಡಿ. ಕವಿ ಮುದ್ದಣ ಸಂಸ್ಕೃತದ ದೊಡ್ಡ ಸಮಾಸದೊಂದಿಗೆ ಕಥೆ ಶುರು ಮಾಡಿದಾಗ ಹೆಂಡತಿ ಮನೋರಮೆ ಏನೆಂದಳು? ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು.’ ಕನ್ನಡ ಗದ್ಯಕ್ಕೆ ಸಿಕ್ಕ ಅತ್ಯುತ್ತಮ ಪರೀಕ್ಷಕಿ ಅವಳು. ನಿಮ್ಮ ಮನೆಯಲ್ಲಿ ಅಮ್ಮ ಇದ್ದಾರೆ, ಇನ್ನೇನು ಬೇಕು?

ತರ್ಕಕರ್ಕಶ

ಇಲ್ಲಿ ಎಲ್ಲರೂ ಬೇಗ ಚಪ್ಪಾಳೆ ತಟ್ಟುತ್ತಿದ್ದೀರಿ. ಸಂಸ್ಕೃತ ಪದ ಎಂದರೆ ಕಷ್ಟ, ಕನ್ನಡ ಪದ ಎಂದರೆ ಸುಲಭ ಎಂಬ ಲೆಕ್ಕ ತಪ್ಪು. ಕೆರೆಯ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’ ಅಚ್ಚಗನ್ನಡ. ಹತ್ತು ಜನರನ್ನು ನಿಲ್ಲಿಸಿ ಅರ್ಥ ಕೇಳಿ, ಒಬ್ಬರೂ ಹೇಳುವುದಿಲ್ಲ. ‘ನಿರ್ವಹಣೆ’ ಸಂಸ್ಕೃತ, ಎಲ್ಲರಿಗೂ ತಿಳಿಯುತ್ತದೆ. ಹಾಗೆಂದು ಬಿತ್ತುವಟ್ಟವನ್ನು ಬಿಡಲು ಬರುತ್ತದೆಯೇ? ಕೆರೆಯನ್ನು ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಯ ವ್ಯವಸ್ಥೆಗೆ ಅದು ಗೊತ್ತಾದ ಹೆಸರು. ಪಾರಿಭಾಷಿಕ ಪದಕ್ಕೆ ಅದರದೇ ಕೆಲಸವಿದೆ. ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ, ಆಮೇಲೆ ಧೈರ್ಯವಾಗಿ ಬಳಸಿ.

ಇನ್ನೊಂದು ಮಾತು. ಶಾಲೆಯಲ್ಲಿ ‘ಒಂದೇ ಪದವನ್ನು ಮತ್ತೆ ಮತ್ತೆ ಬಳಸಬೇಡ’ ಎಂದು ಕಲಿಸಿರುತ್ತಾರೆ. ಪ್ರಬಂಧ ಬರೆಯುವವರು ಅದನ್ನು ಮರೆಯಬೇಕು. ಒಂದು ಪುಟದಲ್ಲಿ ನಿರ್ವಹಣೆ, ಮುಂದಿನ ಪುಟದಲ್ಲಿ ಪಾಲನೆ, ಅದರ ಮುಂದೆ ಉಸ್ತುವಾರಿ ಎಂದು ಬರೆದರೆ ಓದುವವನು ಇವು ಮೂರು ಬೇರೆ ಬೇರೆ ಸಂಗತಿಗಳೆಂದು ತಿಳಿಯುತ್ತಾನೆ. ಕವಿಗೆ ಅದು ಅಲಂಕಾರ. ಸಂಶೋಧಕನಿಗೆ ಎಡವಟ್ಟು.

ಕಡಲತಡಿ

ಒಪ್ಪಿದೆ. ಆದರೆ ‘ಪರಿಪ್ರೇಕ್ಷ್ಯ’ ಬಿತ್ತುವಟ್ಟದ ಜಾತಿಯ ಪದವಲ್ಲ, ಬಿಡಿ. ಅದನ್ನು ತೆಗೆದರೆ ಆ ವಾಕ್ಯದಲ್ಲಿ ಏನು ಕಡಿಮೆಯಾಗುತ್ತದೆ?

ತರ್ಕಕರ್ಕಶ

ಆ ವಾಕ್ಯದಲ್ಲಿ ಏನೂ ಇಲ್ಲ. ಅದಕ್ಕೆ ನಾನು ವಕೀಲನಲ್ಲ.

ನಿವೃತ್ತ ಮೇಷ್ಟರು

ಸಾಕಷ್ಟು ಪ್ರಬಂಧಗಳನ್ನು ಮೌಲ್ಯಮಾಪನ ಮಾಡಿದ್ದೇನೆ. ಕೆಲವನ್ನು ನಾನೇ ಮಾರ್ಗದರ್ಶನ ಮಾಡಿ ಕೆಡಿಸಿದ್ದೇನೆ ಎಂದೂ ಒಪ್ಪಿಕೊಳ್ಳುತ್ತೇನೆ. ತಂಗಿ, ನಿನ್ನ ವಿಷಯದ ಮೂಲಕವೇ ಹೇಳುತ್ತೇನೆ.

ಕೆರೆಯ ಬಗ್ಗೆ ಬರೆಯುವವರಿಗೆ ಕನ್ನಡವು ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ‘ಕಟ್ಟಿದ’ ಬೇರೆ, ‘ಕಟ್ಟಿಸಿದ’ ಬೇರೆ. ಗೌಡ ಕೆರೆಯನ್ನು ಕಟ್ಟಿಸಿದ, ಒಡ್ಡರು ಕಟ್ಟಿದರು. ಒಂದೇ ‘ಇಸು’ ಹಣ ಹಾಕಿದವನನ್ನೂ ಮಣ್ಣು ಹೊತ್ತವನನ್ನೂ ಬೇರ್ಪಡಿಸುತ್ತದೆ. ಶಾಸನ ಬರೆದವರು ಈ ವಿಷಯದಲ್ಲಿ ಬಹಳ ಎಚ್ಚರದಿಂದಿದ್ದರು. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನಿಗೆ ತಾಯಿ ಹಾಲೂಡಿಸುತ್ತ ಕಿವಿಯಲ್ಲಿ ಹೇಳಿದಳೆಂಬ ಮಾತು ‘ಕೆರೆಯಂ ಕಟ್ಟಿಸು’ ಎಂದು. ‘ಕಟ್ಟು’ ಎಂದಲ್ಲ. ದೊಡ್ಡ ಮನೆಯ ಮಗ ಗುದ್ದಲಿ ಹಿಡಿಯುವುದಿಲ್ಲ ಎಂಬುದು ಅವಳಿಗೆ ಗೊತ್ತು.

ಈಗ ನಮ್ಮ ಪ್ರಬಂಧಗಳಿಗೆ ಬನ್ನಿ. ‘ಈ ಕೆರೆಯು ಹದಿನಾಲ್ಕನೆಯ ಶತಮಾನದಲ್ಲಿ ನಿರ್ಮಿಸಲ್ಪಟ್ಟಿದೆ.’ ಯಾರು ಕಟ್ಟಿಸಿದರು? ಇಲ್ಲ. ಯಾರು ಕಟ್ಟಿದರು? ಅದೂ ಇಲ್ಲ. ಸಮಾಜದ ಚರಿತ್ರೆ ಬರೆಯಲು ಹೊರಟವರು ಸಮಾಜವನ್ನೇ ವಾಕ್ಯದಿಂದ ಹೊರಗೆ ಕಳಿಸಿದರು. ಇಂಗ್ಲಿಷಿನಲ್ಲಿ ವಿಜ್ಞಾನದ ವರದಿ ಬರೆಯುವವರ ಒಂದು ರೂಢಿ ಹೇಗೋ ನಮ್ಮ ಇತಿಹಾಸ, ಜಾನಪದ, ಸಾಹಿತ್ಯ ವಿಭಾಗಗಳಿಗೆಲ್ಲ ಹರಡಿ, ಕರ್ತೃ ಕಾಣಿಸದಿದ್ದರೆ ವಸ್ತುನಿಷ್ಠ ಎಂಬ ಭ್ರಮೆ ಹುಟ್ಟಿಸಿದೆ. ಕನ್ನಡಕ್ಕೆ ಈ ‘ಅಲ್ಪಡು’ ಎಂದೂ ಮೈಗೆ ಹಿಡಿದ ಅಂಗಿಯಲ್ಲ.

ಮೌಖಿಕ ಪರೀಕ್ಷೆಯಲ್ಲಿ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. ‘ಕಂಡುಬರುತ್ತದೆ’ ಎಂದು ಬರೆದ ಪುಟವನ್ನು ತೆರೆದು, ‘ಯಾರಿಗೆ ಕಂಡುಬಂತು?’ ಎನ್ನುತ್ತಿದ್ದೆ. ಒಬ್ಬ ಹುಡುಗ ‘ಎಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ’ ಎಂದು ಬರೆದಿದ್ದ. ಯಾವ ವಿದ್ವಾಂಸರಪ್ಪ ಎಂದರೆ ತನ್ನ ಮಾರ್ಗದರ್ಶಕರ ಮುಖ ನೋಡಿದ. ಅವರು ಕಿಟಕಿಯ ಹೊರಗೆ ನೋಡಿದರು.

ಕೆರೆಏರಿ

ಸರ್, ‘ಕಟ್ಟಿಸಿದ’ ಎಂಬುದನ್ನು ನೂರು ಸಲ ಓದಿದ್ದೇನೆ, ಹೀಗೆ ಯೋಚಿಸಿರಲಿಲ್ಲ. ಆದರೆ ನನ್ನ ಕ್ಷೇತ್ರಕಾರ್ಯದ ಭಾಗದಲ್ಲಿ ಕರ್ತೃ ನಾನೇ. ‘ನಾನು’ ಎಂದು ಬರೆಯಬಾರದು, ‘ಪ್ರಸ್ತುತ ಸಂಶೋಧಕರು’ ಎಂದು ಬರೆಯಬೇಕು ಎನ್ನುತ್ತಾರೆ. ನನ್ನನ್ನು ನಾನೇ ಬಹುವಚನದಲ್ಲಿ ಕರೆದುಕೊಳ್ಳುವಾಗ ನಗು ಬರುತ್ತದೆ.

ನಿವೃತ್ತ ಮೇಷ್ಟರು

ಅದಕ್ಕೂ ಕನ್ನಡದಲ್ಲಿಯೇ ಉಪಾಯವಿದೆ. ಇಂಗ್ಲಿಷಿನಲ್ಲಿ ಕರ್ತೃವನ್ನು ಬಿಟ್ಟರೆ ವಾಕ್ಯವೇ ನಿಲ್ಲುವುದಿಲ್ಲ, ಅದಕ್ಕೆ ಅವರು ಅಷ್ಟು ಒದ್ದಾಡುತ್ತಾರೆ. ನಮ್ಮ ಕ್ರಿಯಾಪದದ ಬಾಲದಲ್ಲಿಯೇ ಕರ್ತೃ ಕುಳಿತಿರುತ್ತಾನೆ. ‘ಎರಡು ಬೇಸಿಗೆಗಳಲ್ಲಿ ಈ ಊರುಗಳಿಗೆ ಹೋಗಿ ನೀರುಗಂಟಿಗಳನ್ನು ಮಾತನಾಡಿಸಿದೆ.’ ‘ನಾನು’ ಎಲ್ಲಿದೆ ಇಲ್ಲಿ? ಇಲ್ಲ. ಆದರೆ ಮಾತನಾಡಿಸಿದ್ದು ಯಾರೆಂದು ಯಾರಿಗೂ ಅನುಮಾನವಿಲ್ಲ. ನಿನ್ನ ಮಾರ್ಗದರ್ಶಕರು ಹುಡುಕಿದರೂ ಅವರಿಗೆ ಒಂದು ‘ನಾನು’ ಸಿಗುವುದಿಲ್ಲ.

ಗಿಡಬಳ್ಳಿ

ನಾನು ಕೃಷಿ ವಿಜ್ಞಾನದವಳು. ಸಂಶೋಧನೆಯ ಫಲಿತಾಂಶಗಳನ್ನು ರೈತರಿಗಾಗಿ ಕನ್ನಡದಲ್ಲಿ ಬರೆಯುವುದು ನನ್ನ ಕೆಲಸದ ಒಂದು ಭಾಗ. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದು ಹೊಸದೇನಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದ್ದು 1918ರಲ್ಲಿ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಗಿಡಗಳ ಕುರಿತ ಪುಸ್ತಕಕ್ಕೆ!

ನನ್ನ ಅನುಭವದಲ್ಲಿ ದೊಡ್ಡ ತೊಡಕು ಪದಗಳದ್ದಲ್ಲ, ವಾಕ್ಯದ ಜೋಡಣೆಯದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಶೇಷಣಗಳೆಲ್ಲ ನಾಮಪದಕ್ಕೆ ಮೊದಲೇ ಬರುತ್ತವೆ. ಇಂಗ್ಲಿಷಿನ ಉದ್ದ ವಾಕ್ಯವನ್ನು ಹಾಗೆಯೇ ತಿರುಗಿಸಿದರೆ ಮೂಟೆಯೆಲ್ಲ ಮುಂದಕ್ಕೆ ಬಂದು ಕೂರುತ್ತದೆ. ಕೆರೆಯ ಮೇಲೆಯೇ ಒಂದು ವಾಕ್ಯ ಕಟ್ಟುತ್ತೇನೆ:

‘ಊರಿನ ಗೌಡ ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಕೆರೆಯ ಏರಿ ಒಡೆದಾಗ ಅದನ್ನು ಸರಿಪಡಿಸಿದ ಒಕ್ಕಲಿಗೆ ಬಿಟ್ಟುಕೊಟ್ಟ ಗದ್ದೆಯ ಎಲ್ಲೆಗಳನ್ನು ಹೇಳುವ ಕಲ್ಲು ಶಾಲೆಯ ಅಂಗಳದಲ್ಲಿದೆ.’

ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ, ಪದಗಳೂ ಸುಲಭ. ಆದರೂ ಓದುಗ ಗೌಡನ ಬೆನ್ನು ಹತ್ತಿ, ಅವನನ್ನು ಬಿಟ್ಟು ಕೆರೆಗೆ ಬಂದು, ಏರಿ ಹತ್ತಿ, ಒಕ್ಕಲಿನ ಮನೆಗೆ ಹೋಗಿ, ಗದ್ದೆಗೆ ಇಳಿದು, ಕೊನೆಗೆ ಕಲ್ಲಿಗೆ ತಲೆ ಬಡಿದುಕೊಳ್ಳುತ್ತಾನೆ. ಕಥೆ ಕಲ್ಲಿನದೆಂದು ಆಗ ತಿಳಿಯುತ್ತದೆ. ‘ಶಾಲೆಯ ಅಂಗಳದಲ್ಲಿ ಒಂದು ಶಾಸನವಿದೆ. ಅದು ಹೇಳುವುದು ಗದ್ದೆಯೊಂದರ ಎಲ್ಲೆಗಳನ್ನು. ಊರ ಕೆರೆಯ ಏರಿ ಒಡೆದಾಗ ಒಬ್ಬ ಒಕ್ಕಲು ಅದನ್ನು ಸರಿಪಡಿಸಿದ, ಅವನಿಗೆ ಬಿಟ್ಟ ಗದ್ದೆ ಇದು’ ಎಂದರೆ ಸಾಕು. ಗೌಡನ ತಾಯಿ ಇನ್ನೊಂದು ವಾಕ್ಯಕ್ಕೆ ಕಾಯಬಲ್ಲಳು.

ಇದು ಬರೀ ಸೌಕರ್ಯದ ಮಾತಲ್ಲ. ‘ಊರವರು ಕರೆತಂದ ನೀರುಗಂಟಿಯ ಮಗ’ ಎಂದು ಬರೆದಿರಿ ಎಂದುಕೊಳ್ಳಿ. ಕರೆತಂದದ್ದು ಅಪ್ಪನನ್ನೋ ಮಗನನ್ನೋ? ಮಾತಿನಲ್ಲಿ ದನಿ ಅದನ್ನು ತಿಳಿಸುತ್ತದೆ. ಅಚ್ಚಿನಲ್ಲಿ ದನಿಯಿಲ್ಲ.

ಪುಟಜೋಡಣೆ

ಮೇಡಂ, ‘ಯಾವ ರೈತರು ಕೆರೆಯ ನೀರನ್ನು ಬಳಸುತ್ತಾರೋ ಅವರು’ ಎಂದು ಬರೆಯುವವರ ಬಗ್ಗೆಯೂ ಒಂದು ಮಾತು ಹೇಳಿ. ‘ಕೆರೆಯ ನೀರನ್ನು ಬಳಸುವ ರೈತರು’ ಎಂದರೆ ಬೆರಳಿಗೂ ಸುಖ.

ಗಿಡಬಳ್ಳಿ

ಅದು ಕೆಲವೊಮ್ಮೆ ಬೇಕಾಗುತ್ತದೆ. ಮೇಲಿನಂಥ ಮೂಟೆಯನ್ನು ಇಳಿಸಲು ‘ಯಾವ... ಅವರು’ ಒಳ್ಳೆಯ ಕಟ್ಟೆ. ಗಾದೆಗಳಲ್ಲಿ, ಶಾಸ್ತ್ರದ ಮಾತುಗಳಲ್ಲಿ ಅದು ಇದ್ದೇ ಇದೆ. ಎರಡೇ ಪದಕ್ಕೆ ಅದನ್ನು ಕಟ್ಟುವುದು ಮಾತ್ರ ದಂಡ.

ಹೊಸಬ

ನಯಸೇನ ಸಂಸ್ಕೃತ ಮತ್ತು ಕನ್ನಡವನ್ನು ಬೆರೆಸಬಾರದು ಎಂದಿದ್ದಾನಲ್ಲವೇ? ತುಪ್ಪ ಮತ್ತು ಎಣ್ಣೆ? ಹಾಗಾದರೆ ಸಂಸ್ಕೃತ ಪದಗಳನ್ನೇ ಬಿಟ್ಟುಬಿಡುವುದು ಸರಿಯಲ್ಲವೇ?

ತರ್ಕಕರ್ಕಶ

ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದವನು. ತುಪ್ಪಕ್ಕೆ ಎಣ್ಣೆ ಬೆರೆಸುವುದು ತಕ್ಕುದೇ ಎಂದು ಕೇಳಿದ್ದು ಅವನೇ. ಅವನಿಗಿಂತ ಮೊದಲು, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಹೇಳಿದೆ. ಆದರೆ ಅದನ್ನು ಪೂರ್ತಿ ಓದಿ. ಅದು ಹೇಳುತ್ತಿರುವುದು ಅರಿವಿಲ್ಲದೆ ಸಮಾಸದಲ್ಲಿ ಎರಡನ್ನೂ ಬೆಸೆಯುವುದರ ಬಗ್ಗೆ, ಸಂಸ್ಕೃತ ಪದವನ್ನು ಮುಟ್ಟಲೇಬಾರದೆಂದಲ್ಲ. ಹಾಲು ಒಡೆಯುವುದು ಮಜ್ಜಿಗೆ ಕೆಟ್ಟದ್ದೆಂದಲ್ಲ, ಕುದಿಯುವಾಗ ಹಾಕಿದ್ದಕ್ಕೆ.

ಕಡಲತಡಿ

ಕೆರೆಯ ವಿಷಯವೇ ನಡೆದಿರುವುದರಿಂದ ಒಂದು ಹಳೆಯ ತಾಂತ್ರಿಕ ಬರಹವನ್ನು ನೆನಪಿಸುತ್ತೇನೆ. ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ, ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನು ಅದು ಒಂದೊಂದಾಗಿ ಹೇಳುತ್ತದೆ, ಆಮೇಲೆ 6 ದೋಷಗಳನ್ನು. ದಿನಕ್ಕೆ ಸಾವಿರ ಆಳು, ಏರಿಗೆ ಕಲ್ಲು ಸಾಗಿಸಲು ನೂರು ಬಂಡಿ, ಎರಡು ವರ್ಷ ಕೆಲಸ ಎಂದು ಲೆಕ್ಕವನ್ನೂ ಕೊಡುತ್ತದೆ. ಸಂಸ್ಕೃತ ಪದ್ಯದಲ್ಲಿದೆ, ಆದರೂ ಮಸುಕಿಲ್ಲ. ‘ಗಣನೀಯ ಪ್ರಮಾಣದ ಮಾನವ ಸಂಪನ್ಮೂಲವನ್ನು ತೊಡಗಿಸಲಾಯಿತು’ ಎಂದು ಆ ಕಲ್ಲಿನ ಮೇಲೆ ಕೊರೆದಿದ್ದರೆ ಇಂದು ಯಾರು ಅದನ್ನು ಉದ್ಧರಿಸುತ್ತಿದ್ದರು?

ನಿವೃತ್ತ ಮೇಷ್ಟರು

ಕಡಲತಡಿಯವರ ಮಾತಿನಿಂದ ನನಗೆ ಇನ್ನೊಂದು ಹೊಳೆಯಿತು. ತಂಗಿಗೆ ಸ್ವಲ್ಪ ಕಹಿಯಾಗಬಹುದು.

ನಿನ್ನ ಮಾರ್ಗದರ್ಶಕರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ನಿನ್ನ ಮೊದಲ ಕರಡನ್ನು ಮತ್ತೆ ಓದಿದೆ. ‘ಊರಿನವರು ತಾವೇ ಎತ್ತುತ್ತಿದ್ದರು.’ ಯಾವ ಊರು? ಯಾವ ಕಾಲ? ಯಾರು ಹೇಳಿದರು? ಶಾಸನವೇ, ಕಂದಾಯ ದಾಖಲೆಯೇ, ಅಮ್ಮನೇ? ‘ಊರಿನವರು’ ಎಂದರೆ ಎಲ್ಲ ಕೇರಿಯವರೂ ಬುಟ್ಟಿ ಹೊತ್ತರೇ? ‘ಪ್ರತಿ ಮನೆಯವರೂ’ ಎಂದಿದ್ದೀ. ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆಯ ನೀರು ಹರಿಯುವ ಭೂಮಿಯಲ್ಲಿ, ಗದ್ದೆಯಿಲ್ಲದ ಮನೆಯವರು ನೀರುಗಂಟಿಗೆ ಏಕೆ ಧಾನ್ಯ ಅಳೆಯುತ್ತಾರೆ? ನೀರುಗಂಟಿ ಯಾವ ಜಾತಿಯವನು, ಸುಗ್ಗಿಯಲ್ಲಿ ಅವನು ಕಣದ ಒಳಗೆ ಬರುತ್ತಿದ್ದನೋ ಹೊರಗೆ ನಿಲ್ಲುತ್ತಿದ್ದನೋ?

ಪತ್ರಿಕೆಯ ಲೇಖನದಂತಿದೆ ಎಂದು ಅವರಿಗೆ ಅನ್ನಿಸಿದ್ದು ಬಹುಶಃ ಇದಕ್ಕೆ. ಏನೋ ಕಡಿಮೆಯಿದೆ ಎಂದು ಅವರಿಗೆ ತಿಳಿಯಿತು, ಕಡಿಮೆಯಿರುವುದು ಭಾಷೆ ಎಂದುಕೊಂಡರು. ನೀನೂ ಹಾಗೆಯೇ ಎಂದುಕೊಂಡು ಅಲ್ಲಿಗೆ ‘ಪರಿಪ್ರೇಕ್ಷ್ಯ’ವನ್ನು ತುಂಬಿದೆ. ಬೇಕಾಗಿದ್ದದ್ದು ಆಧಾರ. ಮೊದಲ ಕರಡಿನಲ್ಲಿ ಲೋಪ ಕಣ್ಣಿಗೆ ಬೀಳುತ್ತಿದೆ. ನಾನು ಇಷ್ಟು ಪ್ರಶ್ನೆ ಕೇಳಲು ಸಾಧ್ಯವಾದದ್ದೇ ಅದು ತಿಳಿಯಾಗಿರುವುದರಿಂದ. ಎರಡನೆಯದರಲ್ಲಿ ಅದೇ ಲೋಪವಿದೆ, ‘ಸ್ಥಳೀಯ ಸಮುದಾಯ’ ಎಂಬ ಕಂಬಳಿಯ ಕೆಳಗೆ.

ಕೆರೆಏರಿ

ಎರಡು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಕಹಿಯಾಯಿತು, ನಿಜ. ಆಮೇಲೆ ಕ್ಷೇತ್ರಕಾರ್ಯದ ಪುಸ್ತಕಗಳನ್ನು ಮತ್ತೆ ತೆಗೆದೆ. ಉತ್ತರಗಳೆಲ್ಲ ಅಲ್ಲಿಯೇ ಇದ್ದವು. ಸುಲಭವಾಗಿ ಬರೆಯಬೇಕು ಎಂಬ ಉತ್ಸಾಹದಲ್ಲಿ ನಾನೇ ಅವುಗಳನ್ನು ಸೋಸಿಬಿಟ್ಟಿದ್ದೆ. ಈಗಿನ ರೂಪ:

‘ನೋಡಿದ ಊರುಗಳಲ್ಲಿ ಎರಡನ್ನು ಬಿಟ್ಟು ಉಳಿದೆಡೆ ತೂಬು ತೆರೆದು ನೀರು ಬಿಡುವ ಕೆಲಸ ನೀರುಗಂಟಿಯದಾಗಿತ್ತು. ಮಾತನಾಡಿಸಿದ ನೀರುಗಂಟಿಗಳೆಲ್ಲರೂ ಪರಿಶಿಷ್ಟ ಜಾತಿಯವರು. ಕೆಲಸ ತಂದೆಯಿಂದ ಬಂದದ್ದು ಎಂದರು. ಅವರಿಗೆ ಸಂಬಳವಿರಲಿಲ್ಲ. ಅಚ್ಚುಕಟ್ಟಿನಲ್ಲಿ ಗದ್ದೆಯಿದ್ದವರು ಸುಗ್ಗಿಯಲ್ಲಿ ಧಾನ್ಯ ಅಳೆಯುತ್ತಿದ್ದರು. ಇದನ್ನು ಆಯ ಎನ್ನುತ್ತಾರೆ. ಹೂಳೆತ್ತಲು ಗದ್ದೆಯಿದ್ದವರು ಆಳು ಕಳಿಸುತ್ತಿದ್ದರು, ಕೆಲವರು ತಾವೇ ಬರುತ್ತಿದ್ದರು. ಯಾರು ಬರುತ್ತಿದ್ದರು, ಯಾರು ಕಳಿಸುತ್ತಿದ್ದರು ಎಂಬುದರಲ್ಲಿ ಹಿರಿಯರ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ.’

ಕೊನೆಯ ವಾಕ್ಯವನ್ನು ಬರೆಯಲು ಅಂಜಿದೆ. ಮೊದಲಿನ ಎರಡೂ ರೂಪಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಗಿಡಬಳ್ಳಿ

ಆ ವಾಕ್ಯವನ್ನು ಯಾರು ಹೇಳಿದರೂ ತೆಗೆಯಬೇಡಿ.

ತರ್ಕಕರ್ಕಶ

‘ಆಯ’ವನ್ನು ಬಳಸಿದ್ದು ಸರಿಯಾಗಿದೆ, ಮೊದಲು ಸಂಗತಿ, ಆಮೇಲೆ ಅದರ ಹೆಸರು. ಒಂದೇ ಆಕ್ಷೇಪ. ‘ಎನ್ನುತ್ತಾರೆ’ ಎಂದರೆ ಈಗಲೂ ಎನ್ನುತ್ತಾರೆಯೇ?

ಕೆರೆಏರಿ

ಹೌದು, ಈಗಲೂ. ಕೊಡುವುದು ನಿಂತಿದೆ, ಮಾತು ಉಳಿದಿದೆ. ಅದನ್ನೂ ಸೇರಿಸುತ್ತೇನೆ.

ಪುಟಜೋಡಣೆ

ಯೂನಿಕೋಡ್‌ನಲ್ಲಿಯೇ ಬರೆಯುತ್ತಿದ್ದೀರಲ್ಲವೇ? ಹಳೆಯ ಅಕ್ಷರವಿನ್ಯಾಸದಿಂದ ಪರಿವರ್ತಿಸುವಾಗ ಒತ್ತಕ್ಷರಗಳು ಎಲ್ಲೆಲ್ಲಿಗೋ ಹಾರುತ್ತವೆ. ನಿಮ್ಮ ‘ಅಚ್ಚುಕಟ್ಟು’ ಏನಾಗುತ್ತದೆಂದು ಹೇಳಲಾರೆ.

ಕೆರೆಏರಿ

ಯೂನಿಕೋಡ್‌ನಲ್ಲಿಯೇ ಇದೆ. ಇಂದು ಮಧ್ಯಾಹ್ನ ಅಧ್ಯಾಯ ಮರಳಿ ಬಂತು. ಭಾಷೆಯ ಬಗ್ಗೆ ಒಂದಕ್ಷರವೂ ಇಲ್ಲ. ಅಂಚಿನಲ್ಲಿ ಅದೇ ಕೆಂಪು ಶಾಯಿ: ‘ಆಯ ಎಷ್ಟು? ಎಕರೆಗೆ ಎಷ್ಟು ಸೇರು? ಎಲ್ಲ ಊರುಗಳಲ್ಲಿಯೂ ಒಂದೇ ಅಳತೆಯೇ? ಅಡಿಟಿಪ್ಪಣಿ ಬೇಕು.’ ಇದು ಮಾತ್ರ ನನ್ನ ಪುಸ್ತಕಗಳಲ್ಲಿಯೂ ಇಲ್ಲ. ಭಾನುವಾರ ಅಮ್ಮನನ್ನು ಕರೆದುಕೊಂಡು ಊರಿಗೆ ಹೋಗುತ್ತಿದ್ದೇನೆ.